ತಿದ್ದೋಲೆ

ಗಣಪತಿ ಪಾವತಿ ಪುಸ್ತಕದ ಗಡಿಬಿಡಿಯೊಳಗ
ಪ್ರೆಸ್ಸಿನ ಸ್ವಾಮ್ಯಾರು ಪೇಪರ್ ಹಿಡಕೊಂಡು ಬಂದ್ರು.
ದೂರದ ಯಾವುದೋ ಊರಾಗ ಸಭಾ ಕೂಡಿ
ಹಳದಿ ಚೀಟಿ ಎತ್ತಿ ಓಟು ಹಾಕ್ಯಾರಂತ,
ಒಂಬತ್ತರಾಗ ಒಂದು ಕಡಿಮಿ.
ನರಗುಂದಕ್ಕ, ರೋಣಕ್ಕ ಹೋಗಬೇಕಾದ
ಎರಡು ಸಾವಿರದ ನಾನೂರು ತಕ್ತೆ
ಗ್ವಾಡಿಗೆ ಆನಿಕೊಂಡು ನಿಂತಿದ್ವು.

"ಕರೇ ಚೀಟಿ ಕತ್ತರಿಸಿ ಪ್ಲೂಟೋದ ಮ್ಯಾಲ ಹಚ್ರಿ,
ಒಂಬತ್ತು ಇದ್ದಲ್ಲೆ ಎಂಟು ಹಚ್ರಿ.
ನೂರಕ್ಕ ಹದಿನೈದು ರೂಪಾಯಿ."

ನಾನೂ ಹುಸೇನಬಿನೂ ಎದುರಾಬದುರು ಕುಂತ್ವಿ,
ನಡುವ ಮೈದಾ ಅಂಟಿನ ಬೋಗಾಣಿ.
ಆಕಿ ಗದಗಿನಾಕಿ, ನಾ ಬೆಟಗೇರಿಯಾಕಿ.

ಪಾವತಿ ಒಯ್ಯಾಕ ಬಂದ ಹೊಂಬಳದ ಮಾಸ್ತರು
ಸ್ಟೂಲ್ ಎಳಕೊಂಡು ತಿಳಿಸಿ ಹೇಳಿದ್ರು:
ಸೂರ್ಯನ್ನ ಸುತ್ತಬೇಕು. ಸುತ್ತತೈತಿ.
ತನ್ನ ಭಾರಕ್ಕ ತಾನ ದುಂಡಗಾಗಬೇಕು. ಆಗೇತಿ.
ತನ್ನ ಹಾದ್ಯಾಗ ಅಡ್ಡ ಬಂದದ್ದನ್ನೆಲ್ಲಾ
ಬಳದು ಚೊಕ್ಕ ಮಾಡಿರಬೇಕು.
ಅಲ್ಲೇ ಸಿಕ್ಕಿಬಿತ್ತು.

"ಅಂದ್ರ ಜೀಪಿನ ಮುಂದ ಹಾದಿ ಬಿಡಿಸಾವ್ರು
ಗ್ರಹ, ಹೌದಲ್ರಿ?" ಅಂದ್ಳು ಹುಸೇನಬಿ.
ಮಾಸ್ತರು ನಗಲಿಲ್ಲ. ಗುರುವಿನ ಸುತ್ತ ತಿರಗೂ ಗ್ಯಾನಿಮೀಡ್
ಬುಧಗಿಂತಾ ದೊಡ್ಡದು, ಆದ್ರೂ ಉಪಗ್ರಹ, ಅಂದ್ರು.
ಗಾತ್ರ ಕೇಳಂಗಿಲ್ಲ,
ಯಾರ ಅಂಗಳದಾಗ ತಿರಗತಿ ಅನ್ನೂದ ಲೆಕ್ಕ.
ನಮ್ಮವ್ವನ ಲೆಕ್ಕದಾಗ ಸೂರ್ಯನೂ ಗ್ರಹ, ಚಂದ್ರನೂ ಗ್ರಹ,
ಮೈಯ ಇಲ್ಲದ ರಾಹು ಕೇತುಗೂ ಮಣೆ ಇತ್ತು.
ನಿಂತ ನೆಲಕ್ಕ ಇರಲಿಲ್ಲ.

ಆಫ್‌ಸೆಟ್ ಬರೂ ಮೊದಲು ನನ್ನ ಕೆಲಸ ಬ್ಯಾರೆ ಇತ್ತು.
ಛಾಪಿಸಿದ ಪುಟ ಬಿಚ್ಚಿ, ಸೀಸದ ಮೊಳೆ ತೊಳದು,
ಅಕ್ಷರದ ಮನಿಗೆ ಅಕ್ಷರ ಹಾಕೂದು.
ಕತ್ತಲಾಗ ಹಾಕಂದ್ರೂ ಹಾಕತಿದ್ದೆ.
ಒತ್ತಕ್ಷರ ಕೆಳಗಿನ ಸಾಲಿನ್ಯಾಗ,
ಅನುಸ್ವಾರದ ಸೊನ್ನಿ ಬೆರಳಿಗೆ ಜೋಳದ ನುಚ್ಚು.
ಅದು ಸ್ವರ ಅಲ್ಲ, ವ್ಯಂಜನ ಅಲ್ಲ,
ಯೋಗವಾಹ ಅಂತ, ಕಂಪೋಜಿಟರ್ ನಾಗೂಸಾ ಹೇಳತಿದ್ದ.
ಒಂಟಿ ನಿಲ್ಲಂಗಿಲ್ಲ. "ಆದ್ರ ತಗದು ನೋಡು,
ತುಂಗವ್ವ ಹೋಗಿ ತುಗವ್ವ ಆಗತೀ."

ಕೇಸಿನ ಕೊನಿ ಮೂಲ್ಯಾಗ ಎರಡು ಮನಿ,
ಒಂದರಾಗ ಱ, ಒಂದರಾಗ ೞ.
ವರ್ಷಕ್ಕೊಮ್ಮೆ ಲಕ್ಕುಂಡಿ ಶಾಸನದ ಪುಸ್ತಕ ಬಂದ್ರ
ಊದಿ, ಧೂಳು ತಗದು, ಕೊಡತಿದ್ದೆ.
ಅವನ್ನ ಸಾಲಿನಿಂದ ಎಬ್ಬಿಸಿದವ್ರು ಯಾರು,
ಯಾವ ಸಭಾದಾಗ, ಯಾವ ಬಣ್ಣದ ಚೀಟಿ,
ನಾಗೂಸಾಗ ಗೊತ್ತಿರಲಿಲ್ಲ.
"ಕರೀದಿದ್ರ ಏನಾತು, ಸೀಸ ಕರಗೂದಿಲ್ಲವ್ವಾ."

ಕರಗಿತು.
ಹುಬ್ಬಳ್ಳಿ ಗುಜರಿಯವ ಕೇಜಿ ಲೆಕ್ಕದಾಗ ಒಯ್ದ.
ಕ, ಖ, ಸೊನ್ನಿ, ಱ
ಎಲ್ಲಾ ಒಂದ ತಕ್ಕಡ್ಯಾಗ.
ಆ ತಿಂಗಳಿಂದ ಮಸ್ಟರಿನ್ಯಾಗ ನನ್ನ ಹೆಸರು
ಕಾಯಂ ಪುಟದಿಂದ ತುಂಡುಗೆಲಸದ ಪುಟಕ್ಕ ಬಂತು.
ನಾ ಅದ ಹಾದ್ಯಾಗ, ಅದ ಹೊತ್ತಿಗೆ ಬರತಿದ್ದೆ.

ಮಾಸ್ತರು ಹೋಗೂ ಮುಂದ ಇನ್ನೊಂದು ಹೇಳಿದ್ರು:
ಪ್ಲೂಟೋಕ್ಕ ಒಂದು ಜೋಡಿ ಐತಿ, ಶಾರನ್,
ಅಡ್ಡಳತಿ ಅರ್ಧದಷ್ಟು.
ಅದು ಇದನ್ನಷ್ಟ ಸುತ್ತಂಗಿಲ್ಲ. ಎರಡೂ ಕೂಡಿ
ನಡುವಿನ ಖಾಲಿ ಜಾಗಾ ಸುತ್ತತಾವ,
ಒಂದರ ಮಾರಿ ಒಂದು ನೋಡಕೋತ.
"ಗದಗ-ಬೆಟಗೇರಿ ಆತಲ್ರಿ!" ಅಂದ್ಳು ಹುಸೇನಬಿ,
"ಆ ಖಾಲಿ ಜಾಗಾಕ್ಕ ನಗರಸಭಾ ಅಂತಾರು."
ಈಗ ಮಾಸ್ತರು ನಕ್ರು. ಸೈಕಲ್ ಹತ್ತಿದ್ರು.

ಮೂರನೇ ದಿನ ಸಂಜಿಕ ಸ್ವಾಮ್ಯಾರು ಎಣಿಸಿದ್ರು.
ಎರಡು ಸಾವಿರದ ಮುನ್ನೂರ ತೊಂಬತ್ತೊಂಬತ್ತು.
ಮತ್ತೊಮ್ಮೆ ಎಣಿಸಿದ್ರು, ಅಷ್ಟ.
"ಇಲಿ ತಿಂದಿರಬೇಕ್ರಿ," ಅಂದ್ಳು ಹುಸೇನಬಿ,
ನನ್ನ ಮಾರಿ ನೋಡಕೋತ.